ಬಾಡಿಗೆ ಮನೆ: ಬಾಯಿಮಾತಿಗೆ ಬರಹದ ಬಲ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬಾಡಿಗೆ ಮನೆಗಳು ಅಪರೂಪವೆನ್ನುವ ಕಾಲ ಕಳೆದಿದೆ. ಬೇರೆ ಜಿಲ್ಲೆಯಿಂದ ನೇಮಕಗೊಂಡು ಬಂದ ಶಿಕ್ಷಕರು, ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿಯರು, ಬ್ಯಾಂಕ್ ನೌಕರರು, ಕೈಗಾರಿಕಾ ಪ್ರದೇಶದ ಅಂಚಿನ ಹಳ್ಳಿಗಳಲ್ಲಿ ನೆಲೆಸಿರುವ ಕಾರ್ಮಿಕರು, ಕಟ್ಟಡ ಕೆಲಸಕ್ಕೂ ಇಟ್ಟಿಗೆ ಗೂಡುಗಳಿಗೂ ಬಂದ ವಲಸೆ ಕುಟುಂಬಗಳು, ಮಳೆಗೆ ಸ್ವಂತ ಮನೆ ಕುಸಿದು ಆಶ್ರಯ ಹುಡುಕುವ ಊರಿನವರು, ಇವರೆಲ್ಲರೂ ಬಾಡಿಗೆದಾರರೇ ಆಗಿದ್ದಾರೆ. ಇಂತಹ ಮನೆಗಳ ಬಹುಪಾಲು ವ್ಯವಹಾರ ಬಾಯಿಮಾತಿನಲ್ಲಿಯೇ ನಡೆಯುತ್ತದೆ. ಮುಂಗಡ ಹಣ ಕೈಯಿಂದ ಕೈಗೆ ಹೋಗುತ್ತದೆ, ರಸೀದಿ ಇರುವುದಿಲ್ಲ. ಸಂಬಂಧ ಚೆನ್ನಾಗಿರುವವರೆಗೆ ಇದರಿಂದ ತೊಂದರೆ ಕಾಣುವುದಿಲ್ಲ. ಮನಸ್ತಾಪ ಬಂದ ದಿನ ಇಬ್ಬರೂ ಮೊದಲು ಬಂದು ನಿಲ್ಲುವುದು ವಾರ್ಡಿನ ಸದಸ್ಯರ ಮನೆಯ ಬಾಗಿಲಿನಲ್ಲಿ.

ಗ್ರಾಮ ಪಂಚಾಯಿತಿಯು ನ್ಯಾಯಾಲಯವಲ್ಲ. ಬಾಡಿಗೆ ನಿಗದಿಪಡಿಸುವ ಅಥವಾ ಬಾಡಿಗೆದಾರರನ್ನು ಹೊರಹಾಕುವ ಅಧಿಕಾರ ಸದಸ್ಯರಿಗಿಲ್ಲ. ಆದರೆ ವ್ಯವಹಾರದ ಆರಂಭದಲ್ಲಿಯೇ ಎರಡು ಪುಟದ ಬರಹ, ತಿಂಗಳಿಗೊಂದು ರಸೀದಿ ಇರುವಂತೆ ನೋಡಿಕೊಂಡರೆ ಮುಂದಿನ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೇ ಇಲ್ಲ. ಈ ತಿಳಿವಳಿಕೆಯನ್ನು ಜನರಿಗೆ ತಲುಪಿಸಲು ಸದಸ್ಯರಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ. ಆ ಉದ್ದೇಶದಿಂದ ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಕಾನೂನು ಅನ್ವಯಿಸುತ್ತದೆ

ಬಾಡಿಗೆ ಎಂದೊಡನೆ ಅನೇಕರು ಕರ್ನಾಟಕ ಬಾಡಿಗೆ ಅಧಿನಿಯಮ, 1999ನ್ನು ನೆನೆಯುತ್ತಾರೆ. ಈ ಅಧಿನಿಯಮದ ಬಾಡಿಗೆ ನಿಯಂತ್ರಣ ಹಾಗೂ ತೆರವಿನ ಉಪಬಂಧಗಳು ಮುಖ್ಯವಾಗಿ ಅದರ ಅನುಸೂಚಿಯಲ್ಲಿ ಸೇರಿದ ನಗರ, ಪಟ್ಟಣ ಪ್ರದೇಶಗಳಿಗೆ ಸಂಬಂಧಿಸಿವೆ. ಅಲ್ಲಿಯೂ ಮಾಸಿಕ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಕಟ್ಟಡಗಳು ಅದರ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ಆದ್ದರಿಂದ ಹಳ್ಳಿಯ ಮನೆಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದು ಸ್ವತ್ತು ವರ್ಗಾವಣೆ ಅಧಿನಿಯಮ, 1882. ನಗರಕ್ಕೆ ಅಂಟಿಕೊಂಡಿರುವ ಪಂಚಾಯಿತಿಗಳಲ್ಲಿ ಮಾತ್ರ ತಮ್ಮ ಪ್ರದೇಶ ಅನುಸೂಚಿಯಲ್ಲಿ ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯ ಬಗ್ಗೆಯೂ ಜನರು ಕೇಳುವುದುಂಟು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದು ಅದು ಹೇಳುತ್ತದೆ. ಅದು ರಾಜ್ಯಗಳಿಗೆ ನೀಡಿದ ಮಾದರಿಯೇ ಹೊರತು ತಾನಾಗಿ ಜಾರಿಗೆ ಬರುವ ಕಾನೂನಲ್ಲ. ಹೀಗಾಗಿ ಮುಂಗಡ ಎಷ್ಟಿರಬೇಕು, ಯಾವಾಗ ಮರಳಬೇಕು ಎಂಬುದಕ್ಕೆ ಉಭಯತ್ರರ ಕರಾರೇ ಆಧಾರ. ಕರಾರು ಬರಹದಲ್ಲಿ ಇರಬೇಕೆನ್ನುವುದಕ್ಕೆ ಇದೇ ಮೊದಲ ಕಾರಣ.

ಹನ್ನೊಂದು ತಿಂಗಳ ಕರಾರು

ಒಂದು ವರ್ಷ ಮೀರಿದ ಅವಧಿಯ ಅಥವಾ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದಿರುವುದು ಈ ಕಾರಣದಿಂದಲೇ. ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಬಾಡಿಗೆ ಬಾಯಿಮಾತಿನಲ್ಲಿಯೂ ಊರ್ಜಿತವಾಗುತ್ತದೆ. ಆದರೆ ವಿವಾದ ಬಂದಾಗ ಮಾತನ್ನು ರುಜುವಾತುಪಡಿಸುವುದು ಕಷ್ಟ. ಬರೆದ ಕರಾರನ್ನು ಅವಧಿ, ಬಾಡಿಗೆ ಹಾಗೂ ಮುಂಗಡಕ್ಕೆ ತಕ್ಕ ಮುದ್ರಾಂಕ ಶುಲ್ಕ ಪಾವತಿಸಿ, ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿ, ಇಬ್ಬರು ಸಾಕ್ಷಿಗಳ ಸಹಿ ಪಡೆದು, ಇಬ್ಬರ ಬಳಿಯೂ ಒಂದೊಂದು ಪ್ರತಿ ಇರುವಂತೆ ಮಾಡಬೇಕು. ಕರಾರಿನಲ್ಲಿ ಕೆಳಕಂಡ ಅಂಶಗಳು ಇರತಕ್ಕದ್ದು:

1. ಮಾಲೀಕರ ಮತ್ತು ಬಾಡಿಗೆದಾರರ ಪೂರ್ಣ ಹೆಸರು, ಮನೆಯ ಪಂಚಾಯಿತಿ ಸ್ವತ್ತಿನ ಸಂಖ್ಯೆ.
2. ಮಾಸಿಕ ಬಾಡಿಗೆ, ಪಾವತಿಸುವ ದಿನಾಂಕ, ಪಾವತಿಯ ವಿಧಾನ.
3. ಮುಂಗಡದ ಮೊತ್ತ, ಅದನ್ನು ಮರಳಿಸುವ ದಿನ, ಯಾವ ಬಾಬ್ತಿಗೆ ಎಷ್ಟು ಕಡಿತ ಮಾಡಬಹುದು ಎಂಬುದು.
4. ಕರಾರಿನ ಅವಧಿ, ನವೀಕರಿಸುವಾಗ ಬಾಡಿಗೆ ಎಷ್ಟು ಹೆಚ್ಚಬಹುದು.
5. ಮನೆ ಬಿಡಲು ಅಥವಾ ಬಿಡಿಸಲು ನೀಡಬೇಕಾದ ಮುನ್ಸೂಚನೆಯ ಅವಧಿ.
6. ಮನೆ ಕಂದಾಯ, ನೀರಿನ ಶುಲ್ಕ, ವಿದ್ಯುತ್ ಬಿಲ್ ಪಾವತಿಸುವವರು ಯಾರು.
7. ಯಾವ ದುರಸ್ತಿ ಮಾಲೀಕರದು, ಯಾವುದು ಬಾಡಿಗೆದಾರರದು.

ಹಣ ಕೊಡುವ ಮುನ್ನ

ಮನೆ ತೋರಿಸುವ ವ್ಯಕ್ತಿಗೆ ಅದನ್ನು ಬಾಡಿಗೆಗೆ ಕೊಡುವ ಹಕ್ಕು ಇದೆಯೇ ಎಂಬುದು ಮೊದಲ ಪ್ರಶ್ನೆ. ಅಣ್ಣತಮ್ಮಂದಿರ ನಡುವೆ ಪಾಲಾಗದ ಮನೆಯನ್ನು ಒಬ್ಬರು ಬಾಡಿಗೆಗೆ ಕೊಟ್ಟು, ಮತ್ತೊಬ್ಬರು ಬಂದು ಬಿಡುವಂತೆ ಹೇಳುವ ಪ್ರಸಂಗಗಳು ಹಳ್ಳಿಗಳಲ್ಲಿ ಹೊಸತಲ್ಲ. ಸ್ವತ್ತು ಯಾರ ಹೆಸರಿನಲ್ಲಿದೆ ಎಂಬುದನ್ನು ಇ-ಸ್ವತ್ತು ತಂತ್ರಾಂಶದ ನಮೂನೆ 9 ಅಥವಾ ನಮೂನೆ 11ರ ಪ್ರತಿಯಲ್ಲಿ, ಇತ್ತೀಚಿನ ಕಂದಾಯ ರಸೀದಿಯಲ್ಲಿ ನೋಡಬಹುದು. ಜಂಟಿ ಸ್ವತ್ತಾಗಿದ್ದರೆ ಪಾಲುದಾರರೆಲ್ಲರ ಸಹಿ ಕರಾರಿನಲ್ಲಿರುವುದು ಕ್ಷೇಮ. ಮಾಲೀಕರು ಬೇರೆ ಊರಿನಲ್ಲಿದ್ದು ಬಂಧುಗಳು ಬಾಡಿಗೆ ಪಡೆಯುತ್ತಿದ್ದರೆ, ಅವರಿಗೆ ಆ ಅಧಿಕಾರ ನೀಡಿರುವ ಪತ್ರ ಕೇಳಬೇಕು.

ಎರಡನೆಯದು ಮನೆಯ ಸ್ಥಿತಿ. ಮಾಲೀಕರಿಗೆ ತಿಳಿದಿದ್ದು, ಬಾಡಿಗೆದಾರರಿಗೆ ಸುಲಭವಾಗಿ ಕಾಣದ ಗಂಭೀರ ದೋಷಗಳನ್ನು ಮೊದಲೇ ತಿಳಿಸುವುದು ಮಾಲೀಕರ ಕರ್ತವ್ಯವೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣ ಹೇಳುತ್ತದೆ. ಹೀಗಿದ್ದರೂ ಬಾಡಿಗೆದಾರರು ತಾವೇ ಸೂರು ಸೋರುವ ಗುರುತು, ಗೋಡೆಯ ಬಿರುಕು, ತಂತಿಗಳ ಸ್ಥಿತಿ, ಶೌಚಾಲಯ, ನಲ್ಲಿ ಸಂಪರ್ಕ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ ಇವುಗಳನ್ನು ಹಗಲಿನಲ್ಲಿ ಪರಿಶೀಲಿಸಬೇಕು. ಮನೆಗೆ ಕಾಲಿಡುವ ದಿನವೇ ಪ್ರತಿ ಕೋಣೆಯ ಛಾಯಾಚಿತ್ರ ತೆಗೆದು, ಮೀಟರಿನ ಅಂಕಿ ಬರೆದುಕೊಂಡು, ಬಾಗಿಲು, ಕಿಟಕಿ, ಫ್ಯಾನುಗಳ ಪಟ್ಟಿಗೆ ಇಬ್ಬರೂ ಸಹಿ ಮಾಡಬೇಕು. ಬಿಡುವಾಗ ಮುಂಗಡದಿಂದ ಎಷ್ಟು ಕಡಿತವಾಗಬೇಕು ಎಂಬ ವಾದಕ್ಕೆ ಈ ಒಂದು ಹಾಳೆಯೇ ಉತ್ತರ. ಸಹಜ ಬಳಕೆಯಿಂದ ಆದ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಬಣ್ಣ ಮಾಸಿದ್ದು ಬೇರೆ, ಬಾಗಿಲು ಒಡೆದದ್ದು ಬೇರೆ.

ಪಾವತಿಯನ್ನು ಸಾಧ್ಯವಾದಷ್ಟೂ ಬ್ಯಾಂಕ್ ಖಾತೆ ಅಥವಾ ಯುಪಿಐ ಮೂಲಕ ಮಾಡಿದರೆ ದಾಖಲೆ ತಾನಾಗಿ ಉಳಿಯುತ್ತದೆ. ನಗದಾಗಿ ಕೊಟ್ಟಾಗ ರಸೀದಿ ಪಡೆಯಬೇಕು. ರಸೀದಿ ಪುಸ್ತಕ ಇಲ್ಲದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ತಿಂಗಳು, ಮೊತ್ತ, ದಿನಾಂಕ ಬರೆದು ಮಾಲೀಕರ ಸಹಿ ಹಾಕಿಸಿಕೊಂಡರೂ ಸಾಕು.

ಭೋಗ್ಯ: ಹೆಚ್ಚಿನ ಎಚ್ಚರ ಬೇಕಾದ ವ್ಯವಹಾರ

ತಿಂಗಳ ಬಾಡಿಗೆಯ ಬದಲು ಲಕ್ಷಗಟ್ಟಲೆ ಹಣವನ್ನು ಒಂದೇ ಬಾರಿಗೆ ಮಾಲೀಕರಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಪೂರ್ಣ ಹಣ ಮರಳಿ ಪಡೆಯುವ ಪದ್ಧತಿಗೆ ಭೋಗ್ಯವೆನ್ನುತ್ತಾರೆ. ಕೆಲವೆಡೆ ಇದನ್ನೇ ಲೀಸ್ ಎಂದು ಕರೆಯುವುದುಂಟು. ಬಾಡಿಗೆ ಉಳಿಯಿತೆಂಬ ಸಮಾಧಾನ ಒಂದೆಡೆಯಾದರೆ, ಕುಟುಂಬದ ವರ್ಷಗಳ ಉಳಿತಾಯ ಮತ್ತೊಬ್ಬರ ಕೈಯಲ್ಲಿರುವ ಅಪಾಯ ಇನ್ನೊಂದೆಡೆ. ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೋ, ಒಡವೆ ಅಡವಿಟ್ಟು ತಂದ ಹಣವನ್ನೋ ಕೊಟ್ಟವರಿಗೆ ಇಲ್ಲಿ ಆಗುವ ನಷ್ಟ ತುಂಬಿಬಾರದು.

ಸಾಲದ ಬಡ್ಡಿಗೆ ಬದಲಾಗಿ ಮನೆಯ ಅನುಭೋಗ ಕೊಡುವುದು ಕಾನೂನಿನಲ್ಲಿ ಸ್ವಾಧೀನ ಸಹಿತವಾದ ಅಡಮಾನ. ಸ್ವತ್ತು ವರ್ಗಾವಣೆ ಅಧಿನಿಯಮದ 58 ಮತ್ತು 59ನೇ ಪ್ರಕರಣಗಳ ಪ್ರಕಾರ, ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಇಂತಹ ಅಡಮಾನವನ್ನು ಬರೆದು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಾಯಿಸಬೇಕು. ನೋಂದಾಯಿತ ಭೋಗ್ಯಪತ್ರವಿದ್ದರೆ ಹಣ ಮರಳುವವರೆಗೆ ಮನೆಯ ಸ್ವಾಧೀನ ಉಳಿಸಿಕೊಳ್ಳುವ ಹಕ್ಕು ಹಣ ಕೊಟ್ಟವರಿಗೆ ಇರುತ್ತದೆ. ಛಾಪಾ ಕಾಗದದಲ್ಲಿ ಬರೆಸಿ ನೋಟರಿಯ ಮೊಹರು ಹಾಕಿಸಿದ ಮಾತ್ರಕ್ಕೆ ಅದು ನೋಂದಣಿಯಾಗುವುದಿಲ್ಲ. ಈ ವ್ಯತ್ಯಾಸವನ್ನು ಸದಸ್ಯರು ಜನರಿಗೆ ಒತ್ತಿ ಹೇಳಬೇಕು.

ಇನ್ನೊಂದು ಅಪಾಯ ಮಾಲೀಕರ ಹಳೆಯ ಸಾಲದಿಂದ ಬರುತ್ತದೆ. ಮನೆ ಈಗಾಗಲೇ ಬ್ಯಾಂಕಿಗೆ ಅಥವಾ ಸಹಕಾರ ಸಂಘಕ್ಕೆ ಅಡಮಾನವಾಗಿದ್ದರೆ, ಮೊದಲು ಹುಟ್ಟಿದ ಆ ಹಕ್ಕಿಗೇ ಆದ್ಯತೆ. ಅಡಮಾನವಿಟ್ಟ ಮಾಲೀಕರು ಆನಂತರ ಕೊಡುವ ಗುತ್ತಿಗೆಗೆ 65ಎ ಪ್ರಕರಣ ಮಿತಿ ಹಾಕಿದೆ: ಕಟ್ಟಡವಾದರೆ ಅವಧಿ ಮೂರು ವರ್ಷ ಮೀರಬಾರದು, ನ್ಯಾಯವಾದ ಬಾಡಿಗೆ ಇರಬೇಕು, ಇಡುಗಂಟು ಅಥವಾ ಬಾಡಿಗೆಯನ್ನು ಮುಂಚಿತವಾಗಿ ಪಡೆಯಬಾರದು. ಬಾಡಿಗೆಯೇ ಇಲ್ಲದೆ ದೊಡ್ಡ ಮೊತ್ತ ಪಡೆದ ಭೋಗ್ಯವು ಈ ಮಿತಿಗೆ ಹೊಂದುವುದಿಲ್ಲ. ಸಾಲ ತೀರದೆ ಬ್ಯಾಂಕ್ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡರೆ, ಭೋಗ್ಯದಾರರು ಮನೆ ಖಾಲಿ ಮಾಡಿ ಹಣಕ್ಕಾಗಿ ಮಾಲೀಕರ ಹಿಂದೆ ಅಲೆಯಬೇಕಾಗುತ್ತದೆ.

ಆದ್ದರಿಂದ ಭೋಗ್ಯದ ಹಣ ಕೊಡುವ ಮುನ್ನ ಉಪನೋಂದಣಿ ಕಚೇರಿಯಿಂದ ಅಥವಾ ಕಾವೇರಿ ಜಾಲತಾಣದಿಂದ ಋಣಭಾರ ಪ್ರಮಾಣಪತ್ರ ಪಡೆಯಬೇಕು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಪಡೆದ ಸಾಲ ಕೆಲವೊಮ್ಮೆ ಆ ಪ್ರಮಾಣಪತ್ರದಲ್ಲಿ ಕಾಣದಿರಬಹುದು. ಹಾಗಾಗಿ ಮೂಲ ಪತ್ರಗಳನ್ನೇ ನೋಡಲು ಕೇಳಬೇಕು. ನೆರಳು ಪ್ರತಿ ಮಾತ್ರ ತೋರಿಸಿ ಮೂಲ ಬೇರೆಡೆ ಇದೆ ಎನ್ನುವ ಮಾಲೀಕರೊಡನೆ ಹಣದ ಮಾತು ಮುಂದುವರಿಸದಿರುವುದೇ ಒಳಿತು. ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ಬಿಡುವ ದಿನ ಹಣ ಖಾತೆಗೆ ಬಂದ ನಂತರವೇ ಬೀಗದ ಕೈ ಒಪ್ಪಿಸಬೇಕು.

ದುರಸ್ತಿ, ನೀರು, ವಿದ್ಯುತ್

ಮಾಲೀಕರು ಮಾಡಿಸಲು ಬದ್ಧರಾಗಿರುವ ದುರಸ್ತಿಯನ್ನು ತಿಳಿಸಿದ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಎರಡು ಷರತ್ತುಗಳು ಮುಖ್ಯ: ಆ ದುರಸ್ತಿ ಮಾಲೀಕರ ಹೊಣೆಯೆಂದು ಕರಾರಿನಲ್ಲಿರಬೇಕು, ಮೊದಲು ಬರಹದಲ್ಲಿ ತಿಳಿಸಿರಬೇಕು. ಬೆಂಕಿ, ಬಿರುಗಾಳಿ ಅಥವಾ ಪ್ರವಾಹದಿಂದ ಮನೆಯ ಮುಖ್ಯ ಭಾಗ ಪೂರ್ಣ ನಾಶವಾದರೆ ಅಥವಾ ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾದರೆ, ಕರಾರನ್ನು ಅಲ್ಲಿಗೇ ಮುಗಿಸುವ ಆಯ್ಕೆ ಬಾಡಿಗೆದಾರರದು. ಮಾಲೀಕರ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟುವುದಾಗಲಿ, ವಾಸದ ಮನೆಯನ್ನು ಬೇರೆ ಉದ್ದೇಶಕ್ಕೆ ಬಳಸುವುದಾಗಲಿ ಸಲ್ಲದು. ಈ ಹೊಣೆಯನ್ನು ಬಾಡಿಗೆದಾರರೂ ಅರಿತಿರಬೇಕು.

ವಿದ್ಯುತ್ ಅಧಿನಿಯಮ, 2003ರ 43ನೇ ಪ್ರಕರಣವು ಕಟ್ಟಡದ ಮಾಲೀಕರಿಗಷ್ಟೇ ಅಲ್ಲದೆ ಅದರಲ್ಲಿ ವಾಸಿಸುವವರಿಗೂ ಸಂಪರ್ಕ ಕೋರುವ ಹಕ್ಕು ನೀಡಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಯೋಜನ ಬಾಡಿಗೆ ಮನೆಯವರಿಗೂ ಇದೆ. ಹಿಂದಿನ ಬಾಡಿಗೆದಾರರ ಆಧಾರ್ ಸಂಖ್ಯೆ ಅದೇ ಮೀಟರಿಗೆ ಜೋಡಣೆಯಾಗಿ ಉಳಿದಿದ್ದರೆ ಹೊಸಬರ ನೋಂದಣಿಗೆ ತೊಡಕಾಗುತ್ತದೆ. ಮನೆ ಬಿಡುವವರು ಸೇವಾ ಸಿಂಧು ಜಾಲತಾಣದಲ್ಲಿ ತಮ್ಮ ಜೋಡಣೆಯನ್ನು ರದ್ದುಪಡಿಸಿಕೊಂಡರೆ ಅವರಿಗೆ ಹೊಸ ಮನೆಯಲ್ಲಿ, ಬರುವವರಿಗೆ ಹಳೆಯ ಮನೆಯಲ್ಲಿ ದಾರಿ ಸುಗಮವಾಗುತ್ತದೆ. ಬಳಕೆ 200 ಯೂನಿಟ್ ಮೀರಿದ ತಿಂಗಳಲ್ಲಿ ಪೂರ್ಣ ಬಿಲ್ ಪಾವತಿಸಬೇಕಾಗುವುದರಿಂದ, ಒಂದೇ ಮೀಟರಿನಲ್ಲಿ ಎರಡು ಮೂರು ಸಂಸಾರಗಳಿದ್ದರೆ ಬಿಲ್ಲಿನ ಹಂಚಿಕೆಯನ್ನು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು.

ಮನೆ ಬಿಡಿಸುವ ಕ್ರಮ

ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವುದೆಂದು ಭಾವಿಸಲಾಗುತ್ತದೆ. ಅದನ್ನು ಕೊನೆಗೊಳಿಸಲು ಯಾವ ಪಕ್ಷದವರೇ ಆಗಲಿ ಹದಿನೈದು ದಿನಗಳ ನೋಟೀಸು ಕೊಡಬೇಕು. ನೋಟೀಸು ಬರಹದಲ್ಲಿದ್ದು ಸಹಿಯಾಗಿರಬೇಕು. ಅಂಚೆಯ ಮೂಲಕ ಅಥವಾ ಖುದ್ದಾಗಿ ತಲುಪಿಸಬೇಕು. ಸಂತೆಯಲ್ಲಿ ಸಿಕ್ಕಾಗ ಹೇಳಿದ ಮಾತು ನೋಟೀಸಾಗುವುದಿಲ್ಲ.

ನೋಟೀಸಿನ ಅವಧಿ ಮುಗಿದರೂ ಬಾಡಿಗೆದಾರರು ಬಿಡದಿದ್ದರೆ ಮಾಲೀಕರಿಗೆ ಉಳಿಯುವ ದಾರಿ ಸಿವಿಲ್ ನ್ಯಾಯಾಲಯ. ಬೀಗ ಹಾಕುವುದು, ಸಾಮಾನು ಬೀದಿಗೆ ಹಾಕುವುದು, ನೀರು ಮತ್ತು ವಿದ್ಯುತ್ ಕಡಿತಗೊಳಿಸಿ ಹೊರದೂಡುವುದು ಕಾನೂನುಬದ್ಧ ಕ್ರಮಗಳಲ್ಲ. ಹೀಗೆ ಸ್ವಾಧೀನ ಕಳೆದುಕೊಂಡವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದ ಅಡಿಯಲ್ಲಿ ಆರು ತಿಂಗಳ ಒಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೋರಬಹುದು. ಹಲ್ಲೆ, ಬೆದರಿಕೆ, ವಸ್ತುಗಳ ನಾಶ ನಡೆದಿದ್ದರೆ ಪೊಲೀಸ್ ಠಾಣೆಗೆ ದೂರು ನೀಡಬೇಕು. ತುರ್ತು ನೆರವಿಗೆ 112 ಸಂಖ್ಯೆ ಇದೆ. ಇತ್ತ ಬಾಡಿಗೆದಾರರೂ ವಿವಾದದ ನೆಪದಲ್ಲಿ ಬಾಡಿಗೆ ನಿಲ್ಲಿಸಬಾರದು. ಮಾಲೀಕರು ನಗದು ಪಡೆಯಲು ನಿರಾಕರಿಸಿದರೆ ಬ್ಯಾಂಕ್ ಖಾತೆಗೆ ಜಮಾ ಮಾಡಿ ದಾಖಲೆ ಇಟ್ಟುಕೊಳ್ಳಬೇಕು.

ಮಾಲೀಕರು ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕೊನೆಗೊಳ್ಳುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ಮುಂಗಡ ಹಣವನ್ನು ಮರಳಿಸುವ ಹೊಣೆ ಇಬ್ಬರಲ್ಲಿ ಯಾರದೆಂಬುದನ್ನು ಆಗಲೇ ಬರಹದಲ್ಲಿ ಪಡೆಯಬೇಕು.

ಜಾತಿ ಕೇಳಿ ಮನೆ ನಿರಾಕರಿಸುವುದು

ಶಾಲೆಗೆ ಬಂದ ಶಿಕ್ಷಕಿಗೆ, ಆಸ್ಪತ್ರೆಗೆ ಬಂದ ಶುಶ್ರೂಷಕಿಗೆ ಊರಿನಲ್ಲಿ ಖಾಲಿ ಮನೆಗಳಿದ್ದರೂ ಜಾತಿ ತಿಳಿದೊಡನೆ ಮನೆ ಸಿಗದೆ, ಅವರು ತಾಲ್ಲೂಕು ಕೇಂದ್ರದಿಂದ ನಿತ್ಯ ಬಸ್ಸಿನಲ್ಲಿ ಓಡಾಡುವ ಸ್ಥಿತಿ ಇನ್ನೂ ಕೆಲವೆಡೆ ಇದೆ. ಇದರ ನಷ್ಟ ಆ ವ್ಯಕ್ತಿಗಷ್ಟೇ ಅಲ್ಲ, ರಾತ್ರಿ ಹೆರಿಗೆ ನೋವು ಬಂದಾಗ ಶುಶ್ರೂಷಕಿ ಊರಿನಲ್ಲಿ ಇಲ್ಲದಿದ್ದರೆ ಅದು ಊರಿನ ನಷ್ಟವೂ ಹೌದು. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಪಡೆಯಲು ಅಥವಾ ವಾಸಿಸಲು ಅಡ್ಡಿಪಡಿಸುವುದು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1955ರ 4ನೇ ಪ್ರಕರಣದ ಪ್ರಕಾರ ಶಿಕ್ಷಾರ್ಹ. ಪರಿಶಿಷ್ಟ ಜಾತಿ ಅಥವಾ ಪಂಗಡದವರು ಮನೆ ಅಥವಾ ಊರು ಬಿಡುವಂತೆ ಮಾಡುವುದು, ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಅಧಿನಿಯಮದ ಅಡಿಯಲ್ಲಿ ಅಪರಾಧ. ದೂರಿಗಾಗಿ 14566 ಸಹಾಯವಾಣಿ ಇದೆ. ಇಂತಹ ಸಂಗತಿ ಗಮನಕ್ಕೆ ಬಂದಾಗ ಸದಸ್ಯರು ಅದನ್ನು ಮಾಲೀಕರ ಸ್ವಂತ ವಿಷಯವೆಂದು ಬಿಡದೆ, ಸಾಮಾಜಿಕ ನ್ಯಾಯ ಸಮಿತಿಯ ಮುಂದೆ ತರಬೇಕು.

ಬಾಡಿಗೆದಾರರೂ ಊರಿನ ನಿವಾಸಿಗಳೇ

ಸ್ವಂತ ಮನೆ ಇಲ್ಲವೆಂಬ ಕಾರಣಕ್ಕೆ ಯಾರೂ ಊರಿಗೆ ಹೊರಗಿನವರಾಗುವುದಿಲ್ಲ. ಮತದಾರರ ಪಟ್ಟಿಗೆ ಸೇರಲು ಬೇಕಾದುದು ಸಾಮಾನ್ಯ ವಾಸವೇ ಹೊರತು ಮನೆಯ ಒಡೆತನವಲ್ಲ. ಬೇರೆಡೆಯಿಂದ ಬಂದವರು ನಮೂನೆ 8ರಲ್ಲಿ ವಿಳಾಸ ಬದಲಾವಣೆ ಕೋರಬಹುದು. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ ವಲಸೆ ಕುಟುಂಬಗಳು ಇರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡಿತರ ಪಡೆಯಬಹುದು. ಮಕ್ಕಳ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಶಾಲಾ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಅಧಿನಿಯಮ, 2009 ಹೇಳುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಬಾಡಿಗೆ ವಿವಾದ ಬಂದಾಗ ಸದಸ್ಯರು ಇಬ್ಬರ ಮಾತನ್ನೂ ಕೇಳಿ, ಒಪ್ಪಂದಕ್ಕೆ ಬಂದರೆ ಅದನ್ನು ಬರಹದಲ್ಲಿ ಇಡಿಸಿ, ಇಬ್ಬರಿಗೂ ಪ್ರತಿ ಕೊಡಿಸಬಹುದು. ಒಪ್ಪಂದ ಸಾಧ್ಯವಾಗದಿದ್ದರೆ ತೀರ್ಪು ಕೊಡಲು ಹೋಗದೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಕಳುಹಿಸಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ವಿಪತ್ತಿಗೆ ಒಳಗಾದವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಹಾಯವಾಣಿ ಸಂಖ್ಯೆ 15100. ಮುಂಗಡ ಹಣದಂತಹ ವಿವಾದಗಳನ್ನು ಲೋಕ ಅದಾಲತ್‌ನಲ್ಲಿ ರಾಜಿ ಮೂಲಕ ಮುಗಿಸಿಕೊಳ್ಳಬಹುದು. ಅಲ್ಲಿನ ರಾಜಿ ತೀರ್ಪು ಅಂತಿಮ.

ಗ್ರಾಮ ಸಭೆಯಲ್ಲಿ ಈ ವಿಷಯಕ್ಕೆ ಕಾಲು ಗಂಟೆ ಮೀಸಲಿಡುವುದು, ಸರಳ ಕರಾರಿನ ಮಾದರಿಯೊಂದನ್ನು ಪಂಚಾಯಿತಿ ಕಚೇರಿಯ ಸೂಚನಾ ಫಲಕದಲ್ಲಿ ಹಾಗೂ ಬಾಪೂಜಿ ಸೇವಾ ಕೇಂದ್ರದಲ್ಲಿ ಇರಿಸುವುದು, ಸ್ವತ್ತಿನ ಪ್ರತಿ ಪಡೆಯುವ ವಿಧಾನವನ್ನು ತಿಳಿಸುವುದು ಹೆಚ್ಚಿನ ವೆಚ್ಚವಿಲ್ಲದೆ ಆಗುವ ಕೆಲಸಗಳು. ಬರಹ ಕೇಳುವುದು ಅವಿಶ್ವಾಸದ ಗುರುತೆಂಬ ಭಾವನೆ ಹಳ್ಳಿಗಳಲ್ಲಿ ಬಲವಾಗಿದೆ. ಬಾಡಿಗೆ ಬಾಕಿ ಉಳಿದಾಗ ಮಾಲೀಕರಿಗೂ, ಮುಂಗಡ ಮರಳಬೇಕಾದಾಗ ಬಾಡಿಗೆದಾರರಿಗೂ ನೆರವಾಗುವುದು ಅದೇ ಬರಹ ಎಂಬುದನ್ನು ಸದಸ್ಯರು ತಮ್ಮ ವಾರ್ಡಿನ ಮನೆಮನೆಗೂ ಮನದಟ್ಟು ಮಾಡಿಕೊಡುವುದು ಅಪೇಕ್ಷಣೀಯ.